ಆ ನಂಬರಿಗೆ ಒಬ್ಬ ಅಪ್ಪ

ಹುಡುಗರನ್ನೇ ಇಷ್ಟಪಡುವ ಹುಡುಗರು, ಹುಡುಗಿಯರನ್ನೇ ಇಷ್ಟಪಡುವ ಹುಡುಗಿಯರು ಒಳಗೊಳಗೇ ಕೊರಗಬಾರದು, ಕೆಳಗಿನ ಸಹಾಯವಾಣಿ ನಂಬರಿಗೆ ಫೋನ್ ಮಾಡಿ ಮಾತಾಡಬೇಕು ಎಂಬ ಪೋಸ್ಟರಿಗೆ ಚಿತ್ರ ಬರೆದವನು ನಾನು. ಗೋಡೆಗೆ ಮುಖ ಮಾಡಿ ಕುಳಿತ ಹುಡುಗನ ಚಿತ್ರ. ನವಲಗುಂದ ಬಸ್ ನಿಲ್ದಾಣದಲ್ಲಿ ಅದನ್ನು ಅಂಟಿಸುತ್ತಿದ್ದಾಗ, ಹುಬ್ಬಳ್ಳಿ ಬಸ್ಸಿಗೆ ಕಾಯುತ್ತಿದ್ದ ಹಿರಿಯರೊಬ್ಬರು ಪೂರ್ತಿ ಓದಿ ಹತ್ತಿರ ಬಂದರು.

“ಈ ಹುಡುಗನ್ನ ಎಲ್ಲಿ ನೋಡಿದ್ರಿ?”

“ಎಲ್ಲೂ ಇಲ್ರಿ ಕಾಕಾ. ಮನಸ್ಸಿಗೆ ಬಂದಂಗ ಬರದೇನ್ರಿ.”

“ನನ್ನ ಮಗಾ ಅಗದಿ ಹಿಂಗ ಕುಂಡ್ರತಾನ. ಹೋದ ತಿಂಗಳ ನನಗ ಇದನ್ನ ಹೇಳಿದ. ನಾ ಬೈದೆ. ಆವತ್ತಿಂದ ಮಾತಿಲ್ಲ.” ಪೋಸ್ಟರಿನ ನಂಬರಿನ ಮೇಲೆ ಬೆರಳಿಟ್ಟು ಕೇಳಿದರು, “ಈ ನಂಬರಿಗೆ ಅಪ್ಪಂದಿರು ಫೋನ್ ಮಾಡಿದ್ರ ನಡೀತೈತೇನ್ರಿ?”

ನನಗೆ ಗೊತ್ತಿರಲಿಲ್ಲ. ‘ಯುವಜನರಿಗಾಗಿ’ ಎಂದು ದಪ್ಪಕ್ಷರದಲ್ಲಿ ಬರೆದವನೂ ನಾನೇ. ಅವರು ತಮ್ಮ ಫೋನಿನಲ್ಲಿ ನಂಬರು ಉಳಿದರೆ ಮನೆಯವರು ನೋಡುತ್ತಾರೆ ಎಂದರು. ನನ್ನ ಫೋನಿನಿಂದಲೇ ಹಚ್ಚಿಕೊಟ್ಟೆ. ಆ ಕಡೆಯವರು ಮೊದಲು ವಯಸ್ಸು ಕೇಳಿದರೆಂದು ಕಾಣುತ್ತದೆ.

“ಐವತ್ತಾರ್ರಿ,” ಎಂದರು. “ಇಲ್ಲವ್ವಾ, ನನಗಲ್ಲ. ಮಗನ ಕೂಡ ಮಾತು ಹೆಂಗ ಸುರು ಮಾಡ್ಲಿ, ಅಷ್ಟ ಹೇಳು.”

ಹುಬ್ಬಳ್ಳಿ ಬಸ್ಸು ಬಂದು ಹೋಯಿತು. ಅವರ ಮಾತು ಮುಗಿಯಲಿಲ್ಲ. ನಾನು ಅಂಟಿನ ಡಬ್ಬಿ ಹಿಡಿದು ದೂರ ನಿಂತೆ. ಸ್ವಂತ ಫೋನನ್ನು ವಾಪಸ್ ಕೇಳಲು ಅಷ್ಟು ಸಂಕೋಚ ನನಗೆ ಎಂದೂ ಆಗಿರಲಿಲ್ಲ.