ಉಸ್ತಾದರು ಆರಿಸಿದ ಸೋಲ್ಡರಿಂಗ್ ಸ್ಟೇಷನ್

ಓದುಗ ಬಂಧುಗಳಿಗೆ ನಮಸ್ಕಾರ. ನಾನು ಹತ್ತನೇ ತರಗತಿ ಪಾಸು ಮಾಡಿದ್ದು ಮದುವೆಯಾಗಿ ಮಗಳು ಹುಟ್ಟಿದ ಮೇಲೆ. ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಾ ಇದನ್ನು ಬರೆಯುತ್ತಿದ್ದೇನೆ. ಒತ್ತು, ದೀರ್ಘ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ಉಸ್ತಾದರ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ಬಿಸಿ ತವರ ತಾಗಿ ತಾಗಿ ಅಲ್ಲಿನ ಚರ್ಮ ಎತ್ತಿನ ಕೊಂಬಿನ ಹಾಗೆ ಹಳದಿಗಟ್ಟಿ ನುಣುಪಾಗಿತ್ತು. ರೇಷನ್ ಅಂಗಡಿಯ ಮಷೀನು ಅವರ ಹೆಬ್ಬೆಟ್ಟನ್ನು ಒಪ್ಪುತ್ತಿರಲಿಲ್ಲ. ಅಕ್ಕಿ ತರಲು ಮಗಳನ್ನೇ ಕಳಿಸಬೇಕಾಗುತ್ತಿತ್ತು. ಬೆಸುಗೆ ಆರಿದೆಯೋ ಇಲ್ಲವೋ ಎಂದು ಅದೇ ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು. ನನಗೂ ಹಾಗೇ ಮುಟ್ಟಲು ಹೇಳುತ್ತಿದ್ದರು. ಕೈ ಹಿಂದಕ್ಕೆಳೆದರೆ ಅವತ್ತೆಲ್ಲ ಗಿರಾಕಿಗಳಿಗೆ ಅದೇ ಕತೆ.

ಹರಿಹರದ ರೈಲ್ವೆ ಸ್ಟೇಷನ್ ರಸ್ತೆಯ ಒಂದು ಸಂದಿಯಲ್ಲಿ ಅವರ ರಿಪೇರಿ ಅಂಗಡಿ. ಬೋರ್‌ವೆಲ್ ಮೋಟಾರಿನ ಸ್ಟಾರ್ಟರ್ ಕಾರ್ಡು, ಇನ್ವರ್ಟರ್, ಟಿವಿ, ಏನು ಕೆಟ್ಟರೂ ಅಲ್ಲಿಗೆ ಬರುತ್ತಿತ್ತು. ಕಾರ್ಖಾನೆಯ ಹೆಲ್ಪರ್ ಕೆಲಸ ಹೋದ ಮೇಲೆ ನಾನು ನಮ್ಮೂರು ಸಾರಥಿಯಿಂದ ಸೈಕಲ್ ತುಳಿದುಕೊಂಡು ಬಂದು ಅಲ್ಲಿ ಸೇರಿದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ ಅವರು ಹೇಳಿದ ಮೊದಲ ಮಾತು, "ಮೀಸೆ ಬಂದ ಮ್ಯಾಲೆ ಅಂಗನವಾಡಿಗೆ ಬಂದ್ಯಲ್ಲಲೇ."

"ಅಂಟ್ಸೋದು ಕತ್ತೆನೂ ಮಾಡ್ತೈತೆ, ಬಿಡ್ಸೋದು ಕಲಿ" ಎಂದು ದಿನಾ ಹೇಳುತ್ತಿದ್ದರು. ಸತ್ತ ಪಾರ್ಟನ್ನು ಹೊರಗೆ ತೆಗೆಯುವಾಗ ಅದರ ಕಾಲಿನ ಸುತ್ತ ಇರುವ ತಾಮ್ರದ ತೆಳುವಾದ ಉಂಗುರ ಕಿತ್ತುಬರಬಾರದು. ಬಂದರೆ ಬೋರ್ಡು ಹಾಳು. ನಾನು ಹಾಳು ಮಾಡಿದ ಬೋರ್ಡುಗಳನ್ನೆಲ್ಲ ಅವರು ಎಸೆಯದೆ ತೂತು ಹಾಕಿ, ತಂತಿಗೆ ಪೋಣಿಸಿ, ಅಂಗಡಿಯ ಬಾಗಿಲಿಗೆ ಮಾವಿನ ತೋರಣದ ಹಾಗೆ ಕಟ್ಟಿದ್ದರು. ಗಿರಾಕಿಗಳು ಕೇಳಿದರೆ ಸಾರಥಿ ಸಾವ್ಕಾರ್ರ ಕೈಕೆಲಸ ಎನ್ನುತ್ತಿದ್ದರು. ಒಂದು ದಿನ ನನ್ನ ಹೆಂಡತಿ ಬುತ್ತಿ ತಂದಾಗ ಒಂದೊಂದೇ ಬೋರ್ಡು ಎತ್ತಿ ತೋರಿಸಿ, "ನೋಡವ್ವ, ಇವೆಲ್ಲ ನಿನ್ನ ಗಂಡ ಕೊಂದಿದ್ದು. ನೀನೂ ಹುಷಾರಾಗಿರು" ಎಂದರು. ಅವಳು ನಕ್ಕಳು. ಮತ್ತೆ ಎಂದೂ ಅಂಗಡಿಗೆ ಬರಲಿಲ್ಲ.

ಇಷ್ಟಾದರೂ ನಾನು ಯಾಕೆ ಉಳಿದೆ ಎಂದರೆ, ಉಸ್ತಾದರು ಕೂರುವ ಆ ಕುರ್ಚಿಯ ಆಸೆಯಿಂದ. ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಇಳಿದಿತ್ತು. ಇನ್ನು ತಾನು ಟೇಬಲ್ಲಿಗೆ ಕೂರುವುದು ಆಗದ ಮಾತು, ಬೆಸುಗೆ ಹಾಕುವ, ಬಿಡಿಸುವ ಒಳ್ಳೆಯ ಸ್ಟೇಷನ್ ಒಂದನ್ನು ತಂದು ಅಂಗಡಿಯನ್ನು ಇನ್ನೊಬ್ಬರ ಕೈಗೆ ಕೊಡಬೇಕು ಎಂದು ಅವರೇ ಹೇಳತೊಡಗಿದ್ದರು. ಅಷ್ಟರಲ್ಲಿ ನನ್ನ ಕೈ ಪಳಗಿತ್ತು. ಬಾಗಿಲಿನ ತಂತಿಗೆ ಹೊಸ ಬೋರ್ಡು ಸೇರದೆ ಬಹಳ ದಿನವಾಗಿತ್ತು. ಇನ್ನೊಬ್ಬರು ಅಂದರೆ ನಾನೇ ಎಂದು ತಿಳಿದೆ. ಹರಿಹರದಲ್ಲೇ ಬಾಡಿಗೆ ಮನೆ ನೋಡೋಣ ಎಂದು ಹೆಂಡತಿಗೂ ಹೇಳಿಬಿಟ್ಟಿದ್ದೆ.

ಸ್ಟೇಷನ್ ಆರಿಸಲು ಇಬ್ಬರೂ ಬಸ್ಸಿನಲ್ಲಿ ದಾವಣಗೆರೆಗೆ ಹೋದೆವು. ಉಸ್ತಾದರ ಚೀಲದಲ್ಲಿ ಒಂದು ಸತ್ತ ಸ್ಟಾರ್ಟರ್ ಬೋರ್ಡು ಇತ್ತು. ಅದರ ಅರ್ತಿಂಗ್ ಕಾಲುಗಳು ದಪ್ಪ ತಾಮ್ರಕ್ಕೆ ಅಂಟಿರುತ್ತವೆ. ಎಷ್ಟು ಶಾಖ ಕೊಟ್ಟರೂ ಆ ತಾಮ್ರ ಕುಡಿದುಬಿಡುತ್ತದೆ. ಅಂಗಡಿಯವನು ದೊಡ್ಡ ಪರದೆಯ ಸ್ಟೇಷನ್ ಒಂದನ್ನು ಮುಂದಿಟ್ಟು, ನೋಡ್ರಿ, ಡಿಜಿಟಲ್ ಎಂದ. "ನಾವು ನಂಬರ್ ಓದಾಕ ಬಂದಿಲ್ರಿ" ಎಂದ ಉಸ್ತಾದರು ಬೋರ್ಡನ್ನು ನನ್ನ ಕೈಗಿತ್ತರು.

ಪರದೆ ಮುನ್ನೂರೈವತ್ತು ಡಿಗ್ರಿ ಎನ್ನುತ್ತಿತ್ತು. ಅಂಥ ಒಂದು ದಪ್ಪ ಕಾಲಿಗೆ ಮುಟ್ಟಿಸಿದರೆ ತವರ ಕರಗದೆ ಆರಿದ ಮುದ್ದೆಯ ಹಾಗೆ ಕೂತಿತು. ಎರಡನೆಯದು ಶಾಖ ಕೊಟ್ಟಿತು, ಆದರೆ ತವರ ಹೀರುವ ಗನ್ನಿಗೆ ದಮ್ಮು ಸಾಲದು. ಮತ್ತೆ ಮತ್ತೆ ಇಡಬೇಕಾಯಿತು, ಉಂಗುರ ಕಿತ್ತುಬಂತು. ಉಸ್ತಾದರು ಅಂಗಡಿಯವನ ಮುಂದೆಯೇ ನನ್ನ ತಲೆಗೆ ಮೊಟಕಿದರು. ತಪ್ಪು ಮಷೀನಿನದು ಎಂದು ಅವರಿಗೂ ಗೊತ್ತಿತ್ತು. ಮೂರನೆಯದು ನೋಡಲು ಸಪ್ಪೆ ಡಬ್ಬಿ. ಪಕ್ಕದ ಕಾಲಿಗೆ ಮುಟ್ಟಿಸಿದ ತಕ್ಷಣ ತವರ ಕರಗಿತು, ಗನ್ನು ಒಂದೇ ಉಸಿರಿಗೆ ಹೀರಿತು. ಬೋರ್ಡನ್ನು ಬೆಳಕಿಗೆ ಹಿಡಿದರೆ ತೂತಿನಲ್ಲಿ ಬೀದಿ ಕಾಣುತ್ತಿತ್ತು. ಉಸ್ತಾದರು ಅಷ್ಟಕ್ಕೆ ಬಿಡಲಿಲ್ಲ. ಗನ್ನಿನ ಮೂಗು ಕಟ್ಟಿಕೊಂಡರೆ ಹೊಸ ಮೂಗು, ಹೊಸ ಫಿಲ್ಟರ್ ಇದೇ ಊರಲ್ಲಿ ಸಿಗುತ್ತದೆಯೇ ಎಂದು ಕೇಳಿ, ಸಾಮಾನು ಕಣ್ಣ ಮುಂದೆ ತರಿಸಿ, ಬಿಸಿ ಇರುವಾಗಲೇ ಗನ್ನು ಬಿಚ್ಚಿ ಕ್ಲೀನ್ ಮಾಡಲು ನನಗೆ ಹೇಳಿದರು.

ಕೆಲಸ ನೋಡುತ್ತಿದ್ದ ಅಂಗಡಿಯವನು, ನಿಮ್ಮ ಹುಡುಗನ ಕೈ ಚಲೋ ಐತ್ರಿ ಎಂದ.

"ಚಲೋ ಇಲ್ಲ ಅಂತಾನೇ ಇವನ್ನ ಕರ್ಕೊಂಡು ಬಂದಿದ್ದು" ಎಂದರು ಉಸ್ತಾದರು. "ಈ ದಡ್ಡನ ಕೈಯಾಗೇ ಇಷ್ಟು ಕೆಲ್ಸ ಮಾಡ್ತೈತೆ ಅಂದ್ರೆ ನಮ್ಮ ಅಳಿಯನ ಕೈಯಾಗ ಮಾಡ್ದೇ ಇರ್ತೈತಾ? ಅವನೇ ಇನ್ನು ಕುರ್ಚಿ ಮ್ಯಾಲೆ ಕೂಡಾದು. ಪ್ಯಾಕ್ ಮಾಡ್ರಿ."

ನನ್ನ ಕೈಯಲ್ಲಿ ಬಿಚ್ಚಿದ ಗನ್ನು ಇನ್ನೂ ಬಿಸಿಯಾಗಿತ್ತು. ಅವರ ಅಳಿಯ ಮೊಬೈಲ್ ಕವರ್ ಮಾರಿಕೊಂಡಿದ್ದವನು, ಒಂದು ವೈರನ್ನೂ ಬೆಸೆದವನಲ್ಲ. ವಾಪಸ್ ಬರುವಾಗ ಬಸ್ಸು ತುಂಬಿತ್ತು. ಉಸ್ತಾದರಿಗೆ ಸೀಟು ಸಿಕ್ಕಿತು. ಡಬ್ಬಿಯನ್ನು ಎದೆಗವಚಿಕೊಂಡು ನಾನು ಹರಿಹರದವರೆಗೆ ನಿಂತೇ ಬಂದೆ.

ಮರುದಿನದಿಂದ ಅಳಿಯ ಕುರ್ಚಿಯಲ್ಲಿ, ನಾನು ಬಾಗಿಲ ಬಳಿ ಸ್ಕ್ರೂ ಬಿಚ್ಚುವ ಸ್ಟೂಲಿನಲ್ಲಿ. ಅವನು ಗನ್ನನ್ನು ಕ್ಲೀನ್ ಮಾಡುತ್ತಲೇ ಇರಲಿಲ್ಲ. ಮೂಗು ಕಟ್ಟಿತು, ಬೋರ್ಡುಗಳು ಸುಟ್ಟವು. ಅವನ ಒಂದು ಬೋರ್ಡೂ ಬಾಗಿಲಿನ ತಂತಿಗೆ ಏರಲಿಲ್ಲ. ಉಸ್ತಾದರು ಅವುಗಳನ್ನು ಸದ್ದಿಲ್ಲದೆ ಚೀಲಕ್ಕೆ ತುಂಬಿ ಮನೆಗೆ ಒಯ್ಯುತ್ತಿದ್ದರು. ನಾನು ಕೆಲಸ ಬಿಡುತ್ತೇನೆ ಎಂದಾಗ ಯಾಕೆ ಎಂದು ಕೇಳಲಿಲ್ಲ. ಹೋಗುವ ಮುಂಚೆ ಅಳಿಯನಿಗೆ ಗನ್ನು ಕ್ಲೀನ್ ಮಾಡುವುದನ್ನು ತೋರಿಸಿ ಹೋಗು ಎಂದರು. ತೋರಿಸಿದೆ. ಅವನು ಫೋನು ನೋಡುತ್ತಿದ್ದ.

ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ಒಂದು ಟೈಲರ್ ಅಂಗಡಿಯ ಮುಂಭಾಗದಲ್ಲಿ ಟೇಬಲ್ ಹಾಕಿದೆ. ಕೊಂಡದ್ದು ಅದೇ ಸಪ್ಪೆ ಡಬ್ಬಿ. ಇವತ್ತಿಗೂ ಅದೇ ನನ್ನ ಮನೆಗೆ ಅನ್ನ ಹಾಕುತ್ತಿದೆ. ಹೊಸಬರು ಯಾರಾದರೂ ಯಾವ ಸ್ಟೇಷನ್ ತಗೊಳ್ಳಲಿ ಎಂದು ಕೇಳಿದರೆ, ಪರದೆ ನೋಡಬೇಡಿ, ದಪ್ಪ ಕಾಲಿನ ಸತ್ತ ಬೋರ್ಡು ಒಯ್ಯಿರಿ, ಗನ್ನಿನ ಮೂಗು ಊರಲ್ಲೇ ಸಿಗುತ್ತದೆಯೇ ವಿಚಾರಿಸಿ ಎನ್ನುತ್ತೇನೆ. ಇದರಲ್ಲಿ ನನ್ನದು ಒಂದು ಮಾತೂ ಇಲ್ಲ.

ಉಸ್ತಾದರಿಗೆ ಕಾಯಿಲೆ ಜೋರಾಗಿದೆ ಎಂದು ತಿಳಿದು ನೋಡಲು ಹೋದೆ. ಕಣ್ಣು ಪೂರ್ತಿ ಹೋಗಿತ್ತು. ಅಂಗಡಿ ಮುಚ್ಚಿ ಅಳಿಯ ಸ್ಟೇಷನ್ನನ್ನೂ ಮಾರಿದನೆಂದು ಅವರ ಮಗಳು ಬಾಗಿಲಲ್ಲೇ ಹೇಳಿದಳು. ನನ್ನ ದನಿ ಕೇಳಿ ಅವರು ಮುಖವನ್ನು ನನ್ನ ಕಡೆ ತಿರುಗಿಸಿದರು.

"ನಿನ್ನ ಕೂರ್ಸಬೇಕಿತ್ತು ಅಂತ ನನ್ ಬಾಯಾಗ ಹೇಳಿಸ್ಕಂಡು ಹೋಗಾಕ ಬಂದೀಯೇನಲೇ?"

ಇಲ್ಲ ಎಂದೆ. ಅದು ಸುಳ್ಳು.

"ಹೇಳಂಗಿಲ್ಲ. ನನ್ ಮಗಳು ಉಣ್ಣಬೇಕಿತ್ತು. ಕಣ್ಣು ಬಂದ್ರೆ ನಾಳೆನೂ ಅವನ್ನೇ ಕೂರಿಸ್ತೀನಿ. ನಿನಗ ಕೆಲ್ಸ ಬರತೈತೆ, ನೀನು ಎಲ್ಲಿ ಹೋದ್ರೂ ಸಾಯಲ್ಲ."

ಅದೇ ವಾರ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಎಲ್ಲರೂ ಅತ್ತರು, ನನಗೆ ಅಳು ಬರಲಿಲ್ಲ.

ಕೆಲಸವನ್ನೆಲ್ಲ ಕಲಿಸಿ ಕುರ್ಚಿ ಮಾತ್ರ ಕೊಡದವರು ನಿಮ್ಮ ಬದುಕಿನಲ್ಲೂ ಇದ್ದಿದ್ದರೆ ದಯವಿಟ್ಟು ಬರೆದು ತಿಳಿಸಿ. ಅಂಥವರು ಹೋದಾಗ ನಿಮಗೆ ಅಳು ಬಂತೇ ಎಂಬುದನ್ನೂ ಬರೆಯಿರಿ.