ಆ ಊರಿನ ಹೆಸರಿನ ಸ್ಟೇಷನ್ನು

ಹೊಳೆನರಸೀಪುರದಿಂದ ಹಾಸನಕ್ಕೆ ಹೋಗುವ ರೈಲು ದಾರಿಯಲ್ಲಿ, ನಮ್ಮೂರಿಗೂ ಅವ್ವನ ತವರೂರಿಗೂ ಸರಿಯಾಗಿ ನಡುವೆ, ಐವತ್ತರ ದಶಕದಲ್ಲಿ ಒಂದು ಸಣ್ಣ ಸ್ಟೇಷನ್ ಬಂತು. ಮಣ್ಣಿನ ಪ್ಲಾಟ್‌ಫಾರಂ, ತಗಡಿನ ಸೂರು, ಒಂದು ಟಿಕೆಟ್ ಕಿಟಕಿ, ಅಷ್ಟೆ. ರೈಲು ನಿಲ್ಲುತ್ತದಲ್ಲ ಎಂದು ಸುಮ್ಮನಿರಬಹುದಿತ್ತು. ಆದರೆ ಬೋರ್ಡಿನ ಮೇಲೆ ತವರೂರಿನ ಹೆಸರು ಬರೆದಿದ್ದರು. ನಮ್ಮೂರಿನ ಗಂಡಸರಿಗೆ ಮೈಯೆಲ್ಲ ಉರಿದುಹೋಯಿತು.

ಮೊದಲು ಬೋರ್ಡಿಗೆ ಡಾಂಬರು ಬಳಿದರು. ಆ ಊರಿನವರು ಸೀಮೆಎಣ್ಣೆ ಹಾಕಿ ಉಜ್ಜಿದರು. ನಮ್ಮವರು ಕೊಡಲಿ ಹಿಡಿದು ಕಂಬ ಕಡಿಯಲು ಹೋದ ದಿನ ಅವರು ದೊಣ್ಣೆ ಹಿಡಿದು ಕಾದಿದ್ದರು. ಹಳಿಯ ಪಕ್ಕ ಜಲ್ಲಿಗೇನು ಬರವೇ? ತಲೆಗಳು ಒಡೆದವು, ಹಲ್ಲು ಉದುರಿದವು. ಅಪ್ಪ ಬೀಸಿದ ದೊಣ್ಣೆಗೆ ನನ್ನ ಸೋದರಮಾವನ, ಅಂದರೆ ಅವ್ವನ ಒಬ್ಬನೇ ಅಣ್ಣನ, ಬಲಗೈ ಮುರಿಯಿತು. ಅದನ್ನೇ ಅಪ್ಪ ಮನೆಗೆ ಬಂದು ಜಂಬದಿಂದ ಹೇಳಿದ. ಮುದ್ದೆ ತಿರುವುತ್ತಿದ್ದ ಅವ್ವ ಬಿಸಿ ಕೋಲನ್ನು ಅವನ ಮುಖಕ್ಕೇ ಎಸೆದಳು. ಆಮೇಲೆ ಅವಳಿಗೆ ಬಿದ್ದ ಏಟು ಕೇರಿಗೆಲ್ಲ ಕೇಳಿಸಿತು.

"ನಿನ್ನಣ್ಣ ಈ ವಸ್ಲು ತುಳುದ್ರೆ ಇನ್ನೊಂದ್ ಕೈನೂವೆ ಮುರೀತೀನಿ ಕಣಮ್ಮೀ. ನೀನ್ ಆ ಊರಿಗೋದ್ರೆ ನಿನ್ ಕಾಲು" ಅಂದ ಅಪ್ಪ.

ಪ್ರತಿ ಗೌರಿ ಹಬ್ಬಕ್ಕೆ ಮಾವ ಬಾಗಿನ ತರುತ್ತಿದ್ದ: ಮೊರದ ತುಂಬ ಬಳೆ, ಅರಿಶಿನ, ಕುಪ್ಪಸದ ಬಟ್ಟೆ, ಅಕ್ಕಿ, ಬೆಲ್ಲ. ಹೆತ್ತವರಿಲ್ಲದ ಅವ್ವನಿಗೆ ತವರು ಅಂತ ಉಳಿದಿದ್ದು ಅದೊಂದೇ. ಆ ವರ್ಷ ಮಾವ, ಸ್ಟೇಷನ್ನು ಯಾರ ಮನೆಯೂ ಅಲ್ಲವಲ್ಲ, ಅಲ್ಲಿಗೇ ಬಾ ಎಂದು ಹೇಳಿಕಳಿಸಿದ. ಅವ್ವ ನನ್ನ ಕೈ ಹಿಡಿದುಕೊಂಡು ಹೋದಳು. ಬಲಗೈಗೆ ಇನ್ನೂ ಪಟ್ಟಿ ಕಟ್ಟಿದ್ದ ಮಾವ ಎಡಗೈಯಲ್ಲೇ ಮೊರ ಕೊಟ್ಟ. ಅವ್ವ ಸೆರಗೊಡ್ಡುವಷ್ಟರಲ್ಲಿ ಅಪ್ಪ ಹಿಂದಿನಿಂದ ಬಂದು ಮೊರಕ್ಕೆ ಒದ್ದ. ಬಳೆಗಳು ಹಳಿಯ ಮೇಲೆ ಬಿದ್ದು ಚೂರಾದವು. ಸಾಲದು ಅಂತ ಮಾವನ ಮುರಿದ ಕೈಗೇ ಗುದ್ದಿದ. ಮಾವ ಕಿರುಚಿಕೊಂಡು ಕುಸಿದ.

ಅವ್ವ ಜಲ್ಲಿ ಕಲ್ಲು ಎತ್ತಿಕೊಂಡಳು. ಎಸೆಯಲಿಲ್ಲ, ಹತ್ತಿರ ಹೋಗಿ ಅಪ್ಪನ ಹಣೆಗೆ ಕುಟ್ಟಿದಳು. ರಕ್ತ ಮೀಸೆಯಿಂದ ತೊಟ್ಟಿಕ್ಕಿತು. ನನಗೆ ಹೆದರಿಕೆಯಾಯಿತು, ಸುಳ್ಳೇಕೆ, ಖುಷಿಯೂ ಆಯಿತು.

"ನಿನ್ನೂರೂ ಬ್ಯಾಡ, ನಮ್ಮಣ್ಣನೂರೂ ಬ್ಯಾಡ. ಇಲ್ಲೇ ಇರ್ತೀನಿ. ಅದೇನ್ ಕಿತ್ಕತೀಯೋ ಕಿತ್ಕೊ!" ಅಂದಳು.

ಸ್ಟೇಷನ್ ಎದುರಿಗೆ ತೆಂಗಿನ ಗರಿಯ ಗುಡಿಸಲು ಹಾಕಿ ಇಡ್ಲಿ ಮಾರಿದಳು. ಅಪ್ಪ ಅದನ್ನು ಕಿತ್ತೆಸೆದ, ಇನ್ನೊಮ್ಮೆ ಬೆಂಕಿಯಿಟ್ಟ. ಅವಳು ಮತ್ತೆ ಕಟ್ಟಿದಳು. ಪಕ್ಕದಲ್ಲಿ ಸೈಕಲ್ ಶಾಪು, ಕಾಯಿ ಮಂಡಿ, ಕ್ಷೌರದಂಗಡಿ ಬಂದವು. ಅರವತ್ತರ ದಶಕದಲ್ಲಿ ಮೇಷ್ಟರುಗಳು, ಗುಮಾಸ್ತರು ಸೈಟು ಕೊಂಡು ಹೆಂಚಿನ ಮನೆ ಕಟ್ಟಿದರು. ಇವತ್ತು ಎರಡೂ ಊರಿಗಿಂತ ದೊಡ್ಡದಾಗಿರುವ ಈ ಬಡಾವಣೆಗೆ ಮೊದಲ ಮನೆ ನಮ್ಮದು. ನಮ್ಮೂರಿನ ಗಂಡಸರು ಮಾತ್ರ ಹಾಸನದಿಂದ ವಾಪಸಾಗುವಾಗ ಟಿಕೆಟ್ ಕಿಟಕಿಯಲ್ಲಿ ಆ ಹೆಸರು ಹೇಳಲಾರದೆ, ಮುಂದಿನ ಸ್ಟೇಷನ್ನಿಗೆ ಟಿಕೆಟ್ ತೆಗೆದುಕೊಂಡು ಇಲ್ಲೇ ಇಳಿಯುತ್ತಿದ್ದರು. ಎಂಥ ಮಾನವಂತರು!

ಮಾವ ಸೊಟ್ಟಗೈಯಲ್ಲೇ ವರ್ಷವೂ ಬಾಗಿನ ತಂದ. ಅವನು ತೀರಿಕೊಂಡ ವರ್ಷ, ಗೌರಿ ಹಬ್ಬದ ಬೆಳಿಗ್ಗೆ, ಮೊರ ಹಿಡಿದು ನಮ್ಮ ಬಾಗಿಲಿಗೆ ಬಂದವನು ಅಪ್ಪ. ಹಣೆಯ ಮೇಲೆ ಕಲ್ಲಿನ ಗಾಯದ ಕಲೆ ಹಾಗೇ ಇತ್ತು. ಮೊರದಲ್ಲಿ ಎಲ್ಲವೂ ಇತ್ತು. ಬಳೆ ಕೂಡ ಅವಳ ಅಳತೆಯದೇ.

"ತಗೋ" ಅಂದ.

ಅವ್ವ ಮೊರ ಇಸಿದುಕೊಂಡು ಕೆಳಗಿಟ್ಟಳು. "ನಮ್ಮಣ್ಣ ತಂದಿದ್ರೆ ಬಾಗ್ನ. ನೀನ್ ತಂದ್ರೆ ಬರೀ ಮೊರ ಕಣ."

ಬಳೆಗಳನ್ನು ತೆಗೆದುಕೊಂಡು ಹಳಿಯವರೆಗೆ ನಡೆದು, ಒಂದೊಂದಾಗಿ ಕಬ್ಬಿಣಕ್ಕೆ ಕುಟ್ಟಿ ಒಡೆದಳು. ಹಬ್ಬದ ದಿನ, ಹಿಂದೆಯೇ ಬಂದ ಗಂಡನ ಕಣ್ಣೆದುರಿಗೆ! ಅಪ್ಪನ ಕೈ ಮೇಲೆದ್ದಿತು. ಅವ್ವ ಕದಲಲಿಲ್ಲ. ಕೈ ತಾನಾಗಿಯೇ ಕೆಳಗಿಳಿಯಿತು. ಅವನು ಹಳಿ ದಾಟಿ ನಮ್ಮೂರಿನ ಕಡೆ ಹೋದ.

ಮಾರನೆಯ ದಿನ ಅವ್ವ ಇಡ್ಲಿ ಅಕ್ಕಿಯನ್ನು ಆ ಮೊರದಲ್ಲೇ ಕೇರಿದಳು.