ಎರಡು ಶಾಲೆಗಳ ನಡುವಿನ ಮಾತಿನತ್ತೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶಾಲೆಯ ಮೂಲೆ ಕೋಣೆಯಲ್ಲಿ ಹೆಂಗಸೊಬ್ಬರು ಬೆಂಚುಗಳನ್ನು ಎಳೆದು ಸಾಲು ಮಾಡುತ್ತಿದ್ದಾರೆ. ವಿಡಿಯೋ ಪರದೆಯ ಧೂಳು ಒರೆಸುತ್ತಾರೆ, ಮೈಕಿನ ವೈರು ಮಕ್ಕಳ ಕಾಲಿಗೆ ಸಿಗದಂತೆ ಗೋಡೆಗೆ ಅಂಟಿಸುತ್ತಾರೆ, ಮತ್ತೆ ಬಂದು ಒರೆಸಿದ ಪರದೆಯನ್ನೇ ಒರೆಸುತ್ತಾರೆ. "ಇವತ್ತು ತಪ್ಪಿದ್ರೆ ಮಕ್ಕಳ ಪಾಠ ನಿಂತುಹೋಗುತ್ತೆ," ಎನ್ನುತ್ತಾರೆ, ಪಾಠ ನೋಡಲು ಬಂದಿರುವ ನನ್ನ ಕಡೆ ನೋಡದೆ. "ಅದೂ ನನ್ನಿಂದ."

ಸಂಬಳದ ಲೆಕ್ಕಕ್ಕೆ ಇವರು ಶಾಲೆಯ ಆಯಾ. ಮಕ್ಕಳ ಬಾಯಲ್ಲಿ ಮಾತಿನತ್ತೆ. ಈ ಶಾಲೆಗೂ ಕಡಲಾಚೆಯ ಶಾಲೆಯೊಂದಕ್ಕೂ ಮೂರು ವರ್ಷದಿಂದ ಜೊತೆಪಾಠ ನಡೆಯುತ್ತಿದೆ. ನೀರು, ಕಸ, ದುಡಿಮೆ, ಯುದ್ಧ, ಹೀಗೆ ಒಂದು ದೇಶದ ಗಡಿಯೊಳಗೆ ನಿಲ್ಲದ ವಿಷಯಗಳನ್ನು ಎರಡೂ ಕಡೆಯ ಮಕ್ಕಳು ಪರದೆಯಲ್ಲಿ ಮುಖ ನೋಡಿಕೊಂಡು ಮಾತಾಡುತ್ತಾರೆ. ಇಲ್ಲಿ ಬೆಳಗಾಗುವಾಗ ಅಲ್ಲಿ ಸಂಜೆ. ಇವರ ಭಾಷೆ ಅವರಿಗೆ ಬಾರದು, ಅವರದು ಇವರಿಗೆ ಬಾರದು. ಮದುವೆಗೆ ಮುಂಚೆ ಆ ದೇಶದ ಮನೆಯೊಂದರಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಅತ್ತೆಗೆ ಎರಡೂ ಬರುತ್ತವೆ. ಹಾಗಾಗಿ ಪಾಠದ ದಿನ ಪೊರಕೆ ಬದಿಗಿಟ್ಟು ಮೈಕು ಹಿಡಿಯುತ್ತಾರೆ. ಅತ್ತ ಕೇಳಿದ್ದನ್ನು ಇತ್ತ, ಇತ್ತ ಹೇಳಿದ್ದನ್ನು ಅತ್ತ ದಾಟಿಸುತ್ತಾರೆ. ಶಾಲೆಗೆ ಬರುವ ಅತಿಥಿಗಳ ಫೋಟೋಗಳಲ್ಲಿ ಮಾತ್ರ ಅವರು ಎಲ್ಲೂ ಇಲ್ಲ. ಇದಕ್ಕೆ ಅವರಿಗೆ ಬೇಸರವಿಲ್ಲ, ನನಗಿದೆ.

ಪಾಠದ ದಿನ ಊರಿನವರೆಲ್ಲರ ಮಾತೂ ಆಡಿ ಮನೆಗೆ ಹೋದರೆ ಅತ್ತೆ ಮೌನಗೌರಿ. "ಇವಳ ಬಾಯಿ ಶಾಲೆಗೆ ಗುತ್ತಿಗೆ ಹೋಗಿದೆ" ಎಂದು ಗಂಡ ಛೇಡಿಸುತ್ತಾರಂತೆ. ಅವರು ಊರ ಹೊರಗಿನ ಕಸದ ಯಾರ್ಡಿನಲ್ಲಿ ಪ್ಲಾಸ್ಟಿಕ್ ವಿಂಗಡಿಸುವವರು. ಮನೆ ನಡೆಯುವುದು ಹೆಚ್ಚಾಗಿ ಅವರ ದುಡಿಮೆಯಲ್ಲಿ.

ಇಂದಿನ ಆತಂಕಕ್ಕೆ ಕಾರಣ ಅತ್ತೆಯ ಒಳ್ಳೆಯ ಮನಸ್ಸೇ. ಕಳೆದ ಪಾಠದಲ್ಲಿ ಅಲ್ಲಿನ ಹುಡುಗಿಯೊಬ್ಬಳು, ನಿಮ್ಮ ಶಾಲೆಯ ಗೋಡೆ ಯಾಕೆ ಹಾಗೆ ಬಿರುಕು ಬಿಟ್ಟಿದೆ, ಯಾರೂ ರಿಪೇರಿ ಮಾಡುವುದಿಲ್ಲವೇ ಎಂದು ಕೇಳಿದ್ದಳು. ಅತ್ತೆ ಅದನ್ನು "ನಿಮ್ಮ ಗೋಡೆಯ ಬಣ್ಣ ಚೆನ್ನಾಗಿದೆ" ಎಂದು ದಾಟಿಸಿಬಿಟ್ಟರು. ನಮ್ಮ ಮಕ್ಕಳು ಒಕ್ಕೊರಲಿನಿಂದ ಥ್ಯಾಂಕ್ಸ್ ಎಂದರು. ಅಲ್ಲಿನವರು ಕಕ್ಕಾಬಿಕ್ಕಿ. ಇದು ಮೊದಲ ಸಲವೂ ಅಲ್ಲ. "ಎರಡೂ ಕಡೆ ಮಕ್ಕಳನ್ನ ಎತ್ತಾಡಿಸಿದ ಕೈ ಇದು. ಯಾವ ಮಗು ಮುಖ ಬಾಡಿದ್ರೂ ನೋಡಕ್ಕಾಗಲ್ಲ," ಎನ್ನುತ್ತಾರೆ.

ಅಲ್ಲಿನ ವಿದ್ಯಾರ್ಥಿಯೊಬ್ಬನ ಅಜ್ಜಿಗೆ ಎರಡೂ ಭಾಷೆ ಗೊತ್ತು. ಪಾಠದ ರೆಕಾರ್ಡಿಂಗ್ ಕೇಳಿದ ಆಕೆ ಗುಟ್ಟು ಬಯಲು ಮಾಡಿದರು. ಇವತ್ತು ಅಜ್ಜಿಯೇ ಕೂತು ಕೇಳುತ್ತಾರೆ, ಒಂದು ಮಾತು ಆಚೀಚೆಯಾದರೂ ಜೊತೆಪಾಠಕ್ಕೆ ಮಂಗಳ ಹಾಡುತ್ತೇವೆ ಎಂದು ಆ ಶಾಲೆ ತಿಳಿಸಿದೆ. ಹಾಗಾಗಿ ಇಲ್ಲಿನ ಹೆಡ್‌ಮೇಡಂ ಬಂದಾಗಿನಿಂದ ಕುಳಿತಲ್ಲಿ ಕುಳಿತಿಲ್ಲ. ಒರಟು ಪ್ರಶ್ನೆ ಬೇಡ ಎಂದು ಮಕ್ಕಳಿಗೆ ಮತ್ತೆ ಮತ್ತೆ ಹೇಳುತ್ತಿದ್ದಾರೆ.

ಪರದೆ ಬೆಳಗುತ್ತದೆ. ಅಂಚಿನಲ್ಲಿ ಬಿಳಿಗೂದಲಿನ ಅಜ್ಜಿ. ಇಂದಿನ ವಿಷಯ ಕಸ. ಮೊದಲ ಪ್ರಶ್ನೆಗಳು ಸಲೀಸಾಗಿ ದಾಟುತ್ತವೆ. ಆಮೇಲೆ ಇಲ್ಲಿನ ಏಳನೇ ತರಗತಿಯ ಹುಡುಗಿಯೊಬ್ಬಳು ಎದ್ದು ಕೆಸರು ಮೆತ್ತಿದ ಹಾಲಿನ ಪೊಟ್ಟಣವೊಂದನ್ನು ಕ್ಯಾಮೆರಾದ ಮುಂದೆ ಹಿಡಿಯುತ್ತಾಳೆ. ಅದರ ಮೇಲೆ ಅಚ್ಚಾಗಿರುವುದು ಪರದೆಯಾಚೆಯ ಮಕ್ಕಳ ಊರಿನ ಹೆಸರು. "ಇದು ನಮ್ಮ ಹಳ್ಳದಲ್ಲಿ ಸಿಕ್ತು. ನಿಮ್ಮ ಕಸ ನಮ್ಮೂರಿಗೆ ಕಳಿಸಕ್ಕೆ ನಾಚಿಕೆ ಆಗಲ್ವಾ?"

ಹೆಡ್‌ಮೇಡಂ ಕಣ್ಣು ಮುಚ್ಚಿಕೊಳ್ಳುತ್ತಾರೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಈ ಗಾದೆ ಕಟ್ಟಿದವರು ದುಭಾಷಿಯ ಕೆಲಸ ಮಾಡಿದ್ದವರೇ ಇರಬೇಕು. ಅತ್ತೆ ಹೇಳುತ್ತಾರೆ. ನಾಚಿಕೆ ಎಂಬ ಮಾತನ್ನೂ ಬಿಡುವುದಿಲ್ಲ. ಅದು ಗೊತ್ತಾಗುವುದು ಆ ಕಡೆಯ ಮಕ್ಕಳು ತಲೆ ತಗ್ಗಿಸುವುದರಿಂದ.

ಕೊನೆಗೆ ಅಲ್ಲಿನ ಹುಡುಗನೊಬ್ಬ ಮಾತಾಡುತ್ತಾನೆ. ಅತ್ತೆ ದಾಟಿಸುತ್ತಾರೆ: ನಾಚಿಕೆ ಆಗುತ್ತಿದೆ, ಕಸ ಎಲ್ಲಿಗೆ ಹೋಗುತ್ತದೆಂದು ನಮಗೆ ಯಾರೂ ಹೇಳಿರಲಿಲ್ಲ. ಆದರೆ ನಿಮ್ಮೂರಲ್ಲಿ ಅದನ್ನು ಇಳಿಸಿಕೊಳ್ಳುವವರು ಯಾರು?

ಹುಡುಗಿ ತಡವರಿಸುತ್ತಾಳೆ. ಅತ್ತೆಯ ಕಡೆ ನೋಡುತ್ತಾಳೆ. ಆಮೇಲೆ ಸಣ್ಣ ದನಿಯಲ್ಲಿ, "ನಮ್ಮೂರವರೇ, ಕಸದ ಯಾರ್ಡಲ್ಲಿ. ಅತ್ತೆ ಮನೆಯವರೂ ಅಲ್ಲೇ ಕೆಲ್ಸ ಮಾಡೋದು. ಆರಿಸಿ ಉಳಿದಿದ್ದನ್ನ ಹಳ್ಳಕ್ಕೆ ಸುರೀತಾರೆ," ಎನ್ನುತ್ತಾಳೆ.

ಅತ್ತೆಯ ಕೈಯಲ್ಲಿ ಮೈಕು ಕೆಳಗಿಳಿಯುತ್ತದೆ. ಅಜ್ಜಿ ಅಲ್ಲಿಂದ ರೆಪ್ಪೆ ಮಿಟುಕಿಸದೆ ನೋಡುತ್ತಿದ್ದಾರೆ. ನನಗೆ ಎದ್ದು ಹೋಗಿ ಪರದೆ ಆರಿಸಿಬಿಡೋಣ ಎನಿಸುತ್ತದೆ. ಅಷ್ಟರಲ್ಲಿ ಮೈಕು ಮೇಲೇರುತ್ತದೆ. ಒಂದೊಂದೇ ಮಾತು ಆ ಭಾಷೆಯಲ್ಲಿ ಹೊರಡುತ್ತದೆ, ನಡುವೆ ಅತ್ತೆಯ ಬೆರಳು ತಮ್ಮ ಎದೆಯನ್ನೇ ತೋರಿಸುತ್ತದೆ.

ಅಜ್ಜಿ ಮುಂದೆ ಬಾಗಿ ನಮ್ಮ ಭಾಷೆಯಲ್ಲೇ ಹೇಳುತ್ತಾರೆ: "ಒಂದು ಮಾತೂ ಬದಲಾಗಿಲ್ಲಮ್ಮ. ಪಾಠ ಮುಂದುವರೀಲಿ." ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಪೊಟ್ಟಣ ತಂದವಳು ಮಾತ್ರ ಅತ್ತೆಯ ಸೆರಗು ಹಿಡಿದು ಅಳುತ್ತಾಳೆ. ಅತ್ತೆ ಅವಳ ತಲೆ ಸವರಿ, ನೀನು ಕೇಳಿದ್ದು ಸರಿಯಾಗಿಯೇ ಇತ್ತು ಎನ್ನುತ್ತಾರೆ.

ಬೆಂಚುಗಳನ್ನು ಮತ್ತೆ ಜೋಡಿಸುವಾಗ ನಾನು ಕೇಳುತ್ತೇನೆ, ಮನೆಯಲ್ಲಿ ಗೊತ್ತಾದರೆ?

"ಸಂಜೆ ನಾನೇ ಹೇಳ್ತೀನಿ. ಬೇರೆಯವರ ಬಾಯಿಂದ ಕೇಳೋದು ಬೇಡ. ಬಯ್ದರೆ ಬಯ್ಯಲಿ," ಎನ್ನುತ್ತಾರೆ ಅತ್ತೆ. ಕೊನೆಯ ಬೆಂಚನ್ನು ಸಾಲಿಗೆ ಸರಿಸುತ್ತಾರೆ. "ಇಷ್ಟು ವರ್ಷ ಎಲ್ಲರ ಮಾತೂ ಆಡಿದೀನಿ. ನನ್ನ ಮನೆ ಮಾತು ಆಡಿದ್ದು ಇವತ್ತೇ. ಅದನ್ನೂ ಸರಿಯಾಗೇ ಆಡಿದೆ."